ಕನ್ವರ್ಟಿಬಲ್ ಸ್ಪೋರ್ಟ್ಸ್ ಕಾರು ಮತ್ತು ಗಂಡಸುತನದ ಕಲ್ಪನೆ

ಕನ್ವರ್ಟಿಬಲ್ ಸ್ಪೋರ್ಟ್ಸ್ ಕಾರು ಎಂದರೆ ಚಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ, ಸಾಮಾನ್ಯವಾಗಿ ಎರಡೇ ಆಸನಗಳ, ಚಾಲನೆಯ ಸುಖಕ್ಕೆಂದೇ ಕಟ್ಟಿದ ಕಾರು. ಇದನ್ನು ಓಡಿಸುವ ಗಂಡಸಿನ ಬಗ್ಗೆ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಮೂರು ಸಿದ್ಧ ಅಭಿಪ್ರಾಯಗಳು ಬೇರೂರಿವೆ. ಅವನು ಸಾಹಸಿ ಎಂಬುದು ಒಂದು, ಕಳೆದುಹೋದ ಯೌವನವನ್ನು ಅರಸುತ್ತಿರುವ ನಡುವಯಸ್ಸಿನವ ಎಂಬುದು ಇನ್ನೊಂದು, ಹೆಂಗಸರ ಕಾರಿನಲ್ಲಿ ಕೂತ ಹೆಣ್ಣಿಗ ಎಂಬ ಮೂದಲಿಕೆ ಮೂರನೆಯದು. ಈ ಮೂರೂ ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ತೆರೆದ ಕಾರನ್ನು ಒಂದು ಕಾಲ ಗಂಡಸಿನದೆಂದೂ ಇನ್ನೊಂದು ಕಾಲ ಹೆಂಗಸಿನದೆಂದೂ ಎಣಿಸಿದೆ. ಹೆಂಗಸರ ಪಾಲಿಗೆ ಸೇರಿತೆಂದು ತೋರಿದ ಕಾರಿನ ಬೆಲೆ ಗಂಡಸರ ಕಣ್ಣಲ್ಲಿ ಇಳಿಯುತ್ತ ಬಂದದ್ದು ಈ ಇತಿಹಾಸದ ಉದ್ದಕ್ಕೂ ಕಾಣುವ ಎಳೆ.

ಆರಂಭ ಕಾಲ

20ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಕಾರು ಎಂದರೆ ಬಹುಮಟ್ಟಿಗೆ ತೆರೆದ ಕಾರೇ. ದೂಳು, ಮಳೆ, ಚಳಿಗಳನ್ನು ಮೈಮೇಲೆ ತೆಗೆದುಕೊಂಡೇ ಓಡಿಸಬೇಕಿತ್ತು. ಎಂಜಿನ್ ಚಾಲೂ ಮಾಡಲು ಮುಂದೆ ನಿಂತು ಕಬ್ಬಿಣದ ಹಿಡಿ ತಿರುಗಿಸಬೇಕಿತ್ತು. ಹಿಡಿ ತಟ್ಟನೆ ಹಿಂದಕ್ಕೆ ಒದ್ದರೆ ಮುಂಗೈ ಮೂಳೆ ಮುರಿಯುವ ಅಪಾಯವಿತ್ತು. ಹೀಗಾಗಿ ಪೆಟ್ರೋಲಿನ ತೆರೆದ ಕಾರು ಗಂಡಸಿನ ಕಸುವಿನ ಗುರುತಾಯಿತು. ಸದ್ದಿಲ್ಲದ, ಹಿಡಿ ತಿರುಗಿಸುವ ಗೋಜಿಲ್ಲದ, ಗಾಜಿನ ಕೋಣೆಯಂಥ ವಿದ್ಯುತ್ ಕಾರುಗಳನ್ನು ಬೇಕರ್, ಡೆಟ್ರಾಯಿಟ್ ಎಲೆಕ್ಟ್ರಿಕ್ ಮೊದಲಾದ ಕಂಪನಿಗಳು ಹೆಂಗಸರನ್ನು ಉದ್ದೇಶಿಸಿ ಜಾಹೀರು ಮಾಡಿದವು. ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದದ್ದು ಗಂಡನ ಕಂಪನಿಯ ಮಾಡೆಲ್ ಟಿ ಅಲ್ಲ, ಡೆಟ್ರಾಯಿಟ್ ಎಲೆಕ್ಟ್ರಿಕ್.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದಿತು. ಹತ್ತು ವರ್ಷದ ನಂತರ ಹಡ್ಸನ್ ಕಂಪನಿ ಎಸೆಕ್ಸ್ ಹೆಸರಿನಲ್ಲಿ ಮುಚ್ಚಿದ ಕಾರನ್ನು ಅಗ್ಗದ ಬೆಲೆಗೆ ತಂದಿತು. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಹತ್ತು ಕಾರುಗಳಲ್ಲಿ ಸುಮಾರು ಒಂಬತ್ತು ತೆರೆದವಾಗಿದ್ದವು. 1920ರ ದಶಕ ಮುಗಿಯುವ ಹೊತ್ತಿಗೆ ಲೆಕ್ಕ ತಿರುಗಿ, ಹತ್ತರಲ್ಲಿ ಒಂಬತ್ತರಷ್ಟು ಮುಚ್ಚಿದವೇ ಆದವು. ನಿತ್ಯದ ಕೆಲಸಕ್ಕೆ ಬೇಡವಾದ ತೆರೆದ ಕಾರು ಅಲ್ಲಿಂದ ಮುಂದೆ ಶೋಕಿಯ, ಕನಸಿನ ವಸ್ತುವಾಯಿತು. ಕ್ಲೀವ್‌ಲ್ಯಾಂಡಿನ ನೆಡ್ ಜೋರ್ಡನ್ ತಮ್ಮ ಪ್ಲೇಬಾಯ್ ರೋಡ್‌ಸ್ಟರ್‌ಗೆ (ಎರಡು ಆಸನದ ತೆರೆದ ಕಾರಿಗೆ) 1923ರಲ್ಲಿ ಕೊಟ್ಟ ಜಾಹೀರಾತು ಎಂಜಿನ್ ಬಗ್ಗೆ ಏನೂ ಹೇಳದೆ ಬಯಲುಸೀಮೆಯ ಧೀರ ಹುಡುಗಿಯೊಬ್ಬಳ ಚಿತ್ರ ಕಟ್ಟಿತು. ಹೆಸರಿನಲ್ಲಿ ಗಂಡು, ಚಿತ್ರದಲ್ಲಿ ಹೆಣ್ಣು ಇದ್ದ ಈ ಜಾಹೀರಾತು ಕಾರು ವ್ಯಾಪಾರದ ಚರಿತ್ರೆಯಲ್ಲಿ ಹೆಸರುವಾಸಿಯಾಗಿದೆ.

ಹೆಂಡತಿ ಮತ್ತು ಪ್ರೇಯಸಿ

ಈ ಕನಸನ್ನು ಮೊದಲು ಮನಶ್ಶಾಸ್ತ್ರದ ಮಾತಿನಲ್ಲಿ ವಿವರಿಸಿದವರು ವಿಯೆನ್ನಾದಿಂದ ಅಮೆರಿಕಕ್ಕೆ ವಲಸೆ ಬಂದ ಅರ್ನೆಸ್ಟ್ ಡಿಕ್ಟರ್. 1939ರ ಸುಮಾರಿಗೆ ಕ್ರೈಸ್ಲರ್ ಕಂಪನಿಯ ಪ್ಲಿಮತ್ ಕಾರಿಗಾಗಿ ಅವರು ಗಿರಾಕಿಗಳನ್ನು ಮಾತನಾಡಿಸಿದರು. ಅಂಗಡಿಯ ಗಾಜಿನ ಹಿಂದೆ ನಿಂತ ಕನ್ವರ್ಟಿಬಲ್ ಗಂಡಸರನ್ನು ಒಳಗೆ ಎಳೆಯುತ್ತಿತ್ತು, ಆದರೆ ಅವರು ಕೊಂಡುಹೋಗುತ್ತಿದ್ದದ್ದು ಸೆಡಾನ್. ಗಂಡಸಿನ ಮನಸ್ಸಿನಲ್ಲಿ ಕನ್ವರ್ಟಿಬಲ್ ಪ್ರೇಯಸಿಯ, ಸೆಡಾನ್ ಹೆಂಡತಿಯ ಸ್ಥಾನದಲ್ಲಿವೆ ಎಂದು ಡಿಕ್ಟರ್ ಹೇಳಿದರು. ವ್ಯಾನ್ಸ್ ಪ್ಯಾಕರ್ಡ್ 1957ರಲ್ಲಿ ಬರೆದ ಪುಸ್ತಕದಿಂದ ಈ ಮಾತು ಮನೆಮಾತಾಯಿತು. 1949ರಿಂದ ಜನರಲ್ ಮೋಟರ್ಸ್ ಮಾರಿದ ಹಾರ್ಡ್‌ಟಾಪ್ ಮಾದರಿ ಗಟ್ಟಿ ಚಾವಣಿ ಇದ್ದೂ ಕನ್ವರ್ಟಿಬಲ್ಲಿನಂತೆ ಕಾಣುತ್ತಿತ್ತು. ಅದನ್ನು ಹೆಂಡತಿ, ಪ್ರೇಯಸಿ ಇಬ್ಬರ ಹೊಂದಾಣಿಕೆಯೆಂದೇ ಅರ್ಥೈಸಲಾಯಿತು. ಕಾರನ್ನು ಹೆಣ್ಣಾಗಿ, ಕೊಳ್ಳುವವನನ್ನು ಗಂಡಾಗಿ ಮಾತ್ರ ಕಂಡ ಈ ವಿವರಣೆಯಲ್ಲಿ ಸ್ವತಃ ಕಾರು ಓಡಿಸುವ ಹೆಂಗಸಿಗೆ ಜಾಗವೇ ಇರಲಿಲ್ಲ.

ಯುದ್ಧಾನಂತರದ ವೀರ

ಎರಡನೆಯ ಮಹಾಯುದ್ಧದ ನಂತರ ತೆರೆದ ಸ್ಪೋರ್ಟ್ಸ್ ಕಾರಿಗೆ ಹೊಸ ಕಳೆ ಬಂದಿತು. ಬ್ರಿಟನ್ನಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರು ಎಂಜಿ ಕಾರುಗಳಿಗೆ ಮನಸೋತರು. ಎಂಜಿ ಕಂಪನಿಯ ಆಬಿಂಗ್ಡನ್ ಕಾರ್ಖಾನೆಯಲ್ಲಿ 1945ರಿಂದ 1949ರವರೆಗೆ ಸುಮಾರು 10,000 ಎಂಜಿ ಟಿಸಿ ಕಾರುಗಳು ತಯಾರಾದವು. 1,250 ಸಿಸಿ ಎಂಜಿನ್, ಕಡ್ಡಿಗಾಲಿಗಳು, ಮೊಣಕೈ ಹೊರಗಿಡುವಂತೆ ಕತ್ತರಿಸಿದ ಬಾಗಿಲು, ಮುಂದಕ್ಕೆ ಮಲಗಿಸಬಹುದಾದ ಗಾಳಿಗಾಜು ಅದರ ಲಕ್ಷಣಗಳು. ಹೀಟರ್ ಇರಲಿಲ್ಲ. ಬಾಗಿಲಿಗೆ ಏರಿಳಿಸುವ ಗಾಜಿರಲಿಲ್ಲ, ಮಳೆ ಬಂದರೆ ಪರದೆ ಸಿಕ್ಕಿಸಬೇಕಿತ್ತು. ಈ ಅನನುಕೂಲಗಳನ್ನು ಸಹಿಸುವುದೇ ಅಭಿಮಾನಿಗಳ ನಡುವೆ ಗಂಡಸುತನದ ಪರೀಕ್ಷೆಯಾಯಿತು.

ಇದರ ಪರಿಣಾಮ ಅಮೆರಿಕದ ಸ್ವಂತ ಕಾರುಗಳ ಮೇಲೂ ಆಯಿತು. 1953ರಲ್ಲಿ ಬಂದ ಷೆವ್ರೊಲೆ ಕಾರ್ವೆಟ್‌ಗೆ ಆರು ಸಿಲಿಂಡರ್ ಎಂಜಿನ್, ಎರಡು ಗೇರಿನ ಆಟೊಮ್ಯಾಟಿಕ್ ಇದ್ದುದರಿಂದ ಅದನ್ನು ನಿಜವಾದ ಸ್ಪೋರ್ಟ್ಸ್ ಕಾರೆಂದು ಒಪ್ಪಲು ಹಲವರು ಹಿಂಜರಿದರು. 1955ರಲ್ಲಿ ಅದು 700ರಷ್ಟು ಮಾತ್ರ ತಯಾರಾಯಿತು. ಏರಿಳಿಯುವ ಗಾಜು, ಮೆತ್ತನೆಯ ಸವಾರಿ ಇದ್ದ ಫೋರ್ಡ್ ಥಂಡರ್‌ಬರ್ಡ್ ಅದೇ ವರ್ಷ 16,155 ತಯಾರಾಯಿತು. ಕಷ್ಟ ಸಹಿಸುವುದು ಗಂಡಸುತನವೆಂದು ಮಾತಿನಲ್ಲಿ ಹೇಳಿದರೂ ಹಣ ಕೊಡುವಾಗ ಜನ ಸುಖವನ್ನೇ ಆರಿಸಿದರು. ಮುಂದೆ ವಿ8 ಎಂಜಿನ್ ಮತ್ತು ಎಂಜಿನಿಯರ್ ಜೋರಾ ಆರ್ಕಸ್-ಡಂಟೋವ್ ಅವರ ದುಡಿಮೆ ಕಾರ್ವೆಟ್‌ಗೆ ಪೌರುಷದ ಹೆಸರು ತಂದವು.

1955ರ ಸೆಪ್ಟೆಂಬರ್ 30ರಂದು ನಟ ಜೇಮ್ಸ್ ಡೀನ್ ತನ್ನ ಪೋರ್ಷೆ 550 ಸ್ಪೈಡರ್‌ನಲ್ಲಿ ಕ್ಯಾಲಿಫೋರ್ನಿಯಾದ ಚೊಲಾಮ್ ಬಳಿ ಅಪಘಾತದಲ್ಲಿ ಸತ್ತಾಗ ಅವನಿಗೆ 24 ವರ್ಷ. ತೆರೆದ ಕಾರು, ವೇಗ, ಯೌವನ, ಸಾವು ಒಂದೇ ಚಿತ್ರದಲ್ಲಿ ಬೆಸೆದುಕೊಂಡವು. ಈ ಚಿತ್ರವನ್ನು ಒಳಗಿನಿಂದ ಪ್ರಶ್ನಿಸಿದ್ದು ಡೀನೊ ರೀಸಿ ಅವರ 1962ರ ಇಟಾಲಿಯನ್ ಚಿತ್ರ ‘ಇಲ್ ಸೊರ್ಪಾಸ್ಸೊ’. ಲ್ಯಾಂಚಿಯಾ ಔರೇಲಿಯಾ ಕನ್ವರ್ಟಿಬಲ್‌ನಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತ ಹೋಗುವ ನಡುವಯಸ್ಸಿನ ಬ್ರೂನೊ ಹೊಣೆಯಿಲ್ಲದ ಮನುಷ್ಯ. ಕೊನೆಯ ಅಪಘಾತದಲ್ಲಿ ಸಾಯುವವನು ಅವನಲ್ಲ, ಪಕ್ಕದಲ್ಲಿ ಕೂತಿದ್ದ ಸಂಕೋಚದ ವಿದ್ಯಾರ್ಥಿ. ಅದೇ 1962ರಲ್ಲಿ ಬಾರ್ಬಿ ಗೊಂಬೆಗೆ ಬಂದ ಮೊದಲ ಕಾರು ಆಸ್ಟಿನ್-ಹೀಲಿ ಕನ್ವರ್ಟಿಬಲ್. ಗಂಡಸರು ರೇಸಿನಲ್ಲಿ ಓಡಿಸುತ್ತಿದ್ದ ಕಾರಿನ ಪ್ರತಿರೂಪ ಹುಡುಗಿಯರ ಆಟಿಕೆಯ ಪೆಟ್ಟಿಗೆ ಸೇರಿತು.

ನಡುವಯಸ್ಸಿನ ಬಿಕ್ಕಟ್ಟು

‘ಮಿಡ್‌ಲೈಫ್ ಕ್ರೈಸಿಸ್’ ಎಂಬ ಮಾತನ್ನು ಬಳಕೆಗೆ ತಂದದ್ದು ಕೆನಡಾ ಮೂಲದ ಎಲಿಯಟ್ ಜಾಕ್ಸ್ 1965ರಲ್ಲಿ ಬರೆದ ಪ್ರಬಂಧ. ಅವರ ವಿಷಯ ಸಾವಿನ ಅರಿವು ಕಲಾವಿದರ ಸೃಷ್ಟಿಶೀಲತೆಯನ್ನು ಹೇಗೆ ಬದಲಿಸುತ್ತದೆ ಎಂಬುದಾಗಿತ್ತು. ಗೇಲ್ ಶೀಹಿ ಅವರ 1976ರ ಪುಸ್ತಕ ಮತ್ತು ಡೇನಿಯಲ್ ಲೆವಿನ್ಸನ್ ಅವರ 1978ರ ಅಧ್ಯಯನ ಈ ಕಲ್ಪನೆಯನ್ನು ಜನಸಾಮಾನ್ಯರಿಗೆ ಮುಟ್ಟಿಸಿದವು. ಕ್ರಮೇಣ ಕೆಂಪು ಸ್ಪೋರ್ಟ್ಸ್ ಕಾರು ಈ ಬಿಕ್ಕಟ್ಟಿನ ಗುರುತಾಗಿ, ವ್ಯಂಗ್ಯಚಿತ್ರಗಳಲ್ಲಿ ಬೋಳುತಲೆಯ ಸವಾರನ ಜೊತೆ ನೆಲೆಯಾಯಿತು. ಇದಕ್ಕೆ ಸರಳವಾದ ಆರ್ಥಿಕ ಕಾರಣವೂ ಇದೆ. ಎರಡು ಆಸನದ ಕಾರು ಮಕ್ಕಳಿರುವ ಮನೆಗೆ ಆಗಿಬರುವುದಿಲ್ಲ. ಎಳೆಯರಿಗೆ ಬೆಲೆ ಮತ್ತು ವಿಮೆ ಎರಡೂ ಭಾರ. ಮಕ್ಕಳು ಮನೆ ಬಿಟ್ಟು, ಸಾಲ ತೀರಿ, ಕೈಯಲ್ಲಿ ಹಣ ಉಳಿಯುವ ವಯಸ್ಸಿನಲ್ಲೇ ಹಳೆಯ ಆಸೆ ಈಡೇರುತ್ತದೆ. ಬಿಕ್ಕಟ್ಟೆಂದು ಕಂಡದ್ದು ಹಲವು ಸಲ ಬಹುಕಾಲ ತಡೆದ ಆಸೆಯಷ್ಟೇ.

ಇದೇ ಅವಧಿಯಲ್ಲಿ ತೆರೆದ ಕಾರೇ ಅಳಿವಿನಂಚಿಗೆ ಬಂದಿತ್ತು. ಉರುಳಿದಾಗಿನ ಸುರಕ್ಷತೆಯ ನಿಯಮಗಳು ಬರಲಿವೆಯೆಂಬ ಅಂಜಿಕೆ, ಎಸಿಯ ಬಳಕೆ, ಕುಸಿದ ಬೇಡಿಕೆ ಇದಕ್ಕೆ ಕಾರಣ. 1976ರ ಕ್ಯಾಡಿಲಾಕ್ ಎಲ್ಡೊರಾಡೊ ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದೇ ಮಾರಾಟವಾಯಿತು. 1982ರಲ್ಲಿ ಕ್ರೈಸ್ಲರ್ ಲೆಬ್ಯಾರನ್ ಮೂಲಕ ಆ ಬಗೆ ಮರಳಿತು.

ಮಿಯಾಟಾ ಮತ್ತು ‘ಹೇರ್‌ಡ್ರೆಸರ್ ಕಾರು’

ಮೂರನೆಯದಾದ ‘ಹೆಣ್ಣಿಗ’ ಎಂಬ ಮೂದಲಿಕೆ ಗಟ್ಟಿಯಾಗಿ ಅಂಟಿದ್ದು ಮಾಜ್ಡಾ ಎಂಎಕ್ಸ್-5 ಮಿಯಾಟಾಗೆ. ಹಗುರ ಬ್ರಿಟಿಷ್ ರೋಡ್‌ಸ್ಟರ್‌ಗಳ ಬಗೆಯ ಕಾರನ್ನು ಮಾಡಿ ಎಂದು ಪತ್ರಕರ್ತ ಬಾಬ್ ಹಾಲ್ 1979ರಲ್ಲಿ ಮಾಜ್ಡಾದ ಕೆನಿಚಿ ಯಾಮಮೊಟೊ ಅವರಿಗೆ ಸೂಚಿಸಿದ್ದರು. ತೊಷಿಹಿಕೊ ಹಿರಾಯ್ ನೇತೃತ್ವದಲ್ಲಿ ರೂಪುಗೊಂಡ ಕಾರು 1989ರ ಫೆಬ್ರುವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. 1.6 ಲೀಟರ್ ಎಂಜಿನ್, ಸುಮಾರು 116 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ. ಕುದುರೆ ಮತ್ತು ಸವಾರ ಒಂದಾಗುವುದನ್ನು ಹೇಳುವ ‘ಜಿನ್ಬಾ ಇತ್ತಾಯ್’ ಎಂಬ ಜಪಾನಿ ನುಡಿಯೇ ಅದರ ವಿನ್ಯಾಸದ ಸೂತ್ರ. ಗಾಳಿಗಾಜಿನ ಮೇಲಂಚಿನ ಎರಡು ಕೊಂಡಿ ಬಿಚ್ಚಿ, ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ಪು ಎಳೆದರೆ ಬಟ್ಟೆಯ ಚಾವಣಿ ಕೈಯಿಂದಲೇ ಹಿಂದಕ್ಕೆ ಬೀಳುತ್ತಿತ್ತು.

ಚಿಕ್ಕ ಗಾತ್ರ, ದುಂಡನೆಯ ಮೈ, ನಗುವ ಬಾಯಿಯಂಥ ಮುಂಭಾಗ, ಮಿತವಾದ ಶಕ್ತಿ ಇವುಗಳಿಂದಾಗಿ ಅಮೆರಿಕದಲ್ಲಿ ಅದನ್ನು ‘ಚಿಕ್ ಕಾರ್’ ಅಂದರೆ ಹುಡುಗಿಯರ ಕಾರು ಎಂದೂ ಬ್ರಿಟನ್ನಿನಲ್ಲಿ ‘ಹೇರ್‌ಡ್ರೆಸರ್ ಕಾರು’ ಎಂದೂ ಕರೆದರು. ಎರಡನೆಯ ಹೆಸರು ಹೆಂಗಸರ ಸಲೂನಿನಲ್ಲಿ ದುಡಿಯುವವರನ್ನು ಹಗುರವಾಗಿ ಕಂಡು, ಓಡಿಸುವ ಗಂಡಸು ಸಲಿಂಗಿ ಎಂದು ಸೂಚಿಸಿ ಹಂಗಿಸುತ್ತಿತ್ತು. ಹೆಂಗಸರಿಗೂ ಒಂದು ಕಸುಬಿಗೂ ಸಲಿಂಗಿಗಳಿಗೂ ಒಟ್ಟಿಗೆ ಮಾಡಿದ ಅವಮಾನ ಅದು. ಮುಂದೆ ಬಿಎಂಡಬ್ಲ್ಯು ಝಡ್3, ಪೋರ್ಷೆ ಬಾಕ್ಸ್‌ಸ್ಟರ್‌ಗಳಿಗೂ ಆ ಹೆಸರು ತಗುಲಿತು. ಝಡ್3 1995ರಲ್ಲಿ ‘ಗೋಲ್ಡನ್‌ಐ’ ಚಿತ್ರದಲ್ಲಿ ಜೇಮ್ಸ್ ಬಾಂಡ್‌ನ ಕಾರಾಗಿದ್ದರೂ ತಪ್ಪಿಸಿಕೊಳ್ಳಲಿಲ್ಲ. ಆದರೂ ಮಿಯಾಟಾ ಹವ್ಯಾಸಿ ರೇಸುಗಳಲ್ಲಿ ತನ್ನದೇ ವರ್ಗ ಪಡೆಯಿತು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೆಯ ಮಿಯಾಟಾ ಹೊರಬಂದಿತು.

ಚಾವಣಿ ಇಲ್ಲದ ಕಾರು ಗಂಭೀರವಲ್ಲ ಎಂಬ ವಾದಕ್ಕೆ ತಾಂತ್ರಿಕ ಆಧಾರ ಒಂದಿಷ್ಟಿದೆ. ಚಾವಣಿ ತೆಗೆದರೆ ಮೈಯ ಬಿಗಿ ಕಡಿಮೆಯಾಗುತ್ತದೆ, ಅದನ್ನು ತುಂಬಿಕೊಡಲು ತೂಕ ಸೇರುತ್ತದೆ. 2005ರಲ್ಲಿ ಬಂದ ಗಟ್ಟಿ ಚಾವಣಿಯ ಪೋರ್ಷೆ ಕೇಮನ್‌ಗೆ, ತೆರೆದ ಕಾರಿಗೇ ಹೆಚ್ಚು ಬೆಲೆಯೆಂಬ ವಾಡಿಕೆಗೆ ವಿರುದ್ಧವಾಗಿ, ಬಾಕ್ಸ್‌ಸ್ಟರ್‌ಗಿಂತ ಹೆಚ್ಚಿನ ಬೆಲೆಯಿತ್ತು. 2016ರಲ್ಲಿ ಕಂಪನಿ ಈ ಕ್ರಮವನ್ನು ತಿರುಗಿಸಿ ತೆರೆದ ಕಾರಿಗೇ ಹೆಚ್ಚು ಬೆಲೆ ಇಟ್ಟಿತು.

ಸಂಶೋಧನೆಗಳು

ಮಾಂಟ್ರಿಯಲ್‌ನ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಗಾಡ್ ಸಾದ್ ಮತ್ತು ಜಾನ್ ವೊಂಗಾಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 39 ಯುವಕರು ಪೋರ್ಷೆ 911 ಕನ್ವರ್ಟಿಬಲ್ ಮತ್ತು ಹಳೆಯ ಟೊಯೋಟ ಸೆಡಾನ್ ಎರಡನ್ನೂ ಓಡಿಸಿದರು. ಎಂಜಲಿನ ಪರೀಕ್ಷೆಯಲ್ಲಿ ಪೋರ್ಷೆ ಓಡಿಸಿದ ನಂತರ ಟೆಸ್ಟೊಸ್ಟೆರೋನ್ ಏರಿದ್ದು ಕಂಡಿತು. ಜಿಲ್ ಸಂಡಿ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ ಪೋರ್ಷೆ ಬಾಕ್ಸ್‌ಸ್ಟರ್ ಕೊಂಡ ಗಂಡಸು ಹೊಂಡಾ ಸಿವಿಕ್ ಕೊಂಡವನಿಗಿಂತ ಅಲ್ಪಕಾಲದ ಒಡನಾಟಕ್ಕೆ ಹೆಂಗಸರಿಗೆ ಆಕರ್ಷಕನೆನಿಸಿದ, ಮದುವೆಗೆ ಅಲ್ಲ. ಡಿಕ್ಟರ್ ಹೇಳಿದ ಭೇದ ಇಲ್ಲಿ ಗಂಡಸಿನ ಮೇಲೆಯೇ ಬಿದ್ದಿತು. ಜಿಲ್ ಏವರಿ ಪೋರ್ಷೆ ಮಾಲೀಕರ ನಡುವೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಕಂಪನಿ ಕಯೆನ್ ಎಸ್‌ಯುವಿ ತಂದಾಗ, ಇದು ಅಮ್ಮಂದಿರ ಕಾರು, ಇದರಿಂದ ತಮ್ಮ ಬ್ರ್ಯಾಂಡಿನ ಗಂಡಸುತನ ಕೆಡುತ್ತದೆ ಎಂದು ಗಂಡಸರು ವಿರೋಧಿಸಿದರು. ಆ ಎಸ್‌ಯುವಿಗೆ ಗಟ್ಟಿ ಚಾವಣಿಯೂ ಹೆಚ್ಚಿನ ಗಾತ್ರವೂ ಶಕ್ತಿಯೂ ಇದ್ದವು. ಅವರ ಅಂಜಿಕೆಗೆ ಕಾರಣ ಕಾರಿನ ರೂಪವಲ್ಲ, ಅದನ್ನು ಹೆಂಗಸರು ಓಡಿಸುತ್ತಾರೆಂಬ ಭಾವನೆ.

ಇತ್ತೀಚಿನ ಸ್ಥಿತಿ

ಎಂಜಿ ಹೆಸರು ಈಗ ಚೀನಾದ ಎಸ್‌ಎಐಸಿ ಕಂಪನಿಯ ಒಡೆತನದಲ್ಲಿದೆ. ಅದರ ಸೈಬರ್‌ಸ್ಟರ್ ಎರಡು ಆಸನದ ತೆರೆದ ವಿದ್ಯುತ್ ಕಾರು. 2025ರಿಂದ ಅದು ಭಾರತದಲ್ಲೂ ಮಾರಾಟದಲ್ಲಿದೆ. 1910ರ ಸುಮಾರಿಗೆ ವಿದ್ಯುತ್ ಕಾರನ್ನು ಹೆಂಗಸಿನದೆಂದು ಎಣಿಸಿದ್ದರು. 1990ರ ಸುಮಾರಿಗೆ ಚಿಕ್ಕ ತೆರೆದ ಕಾರನ್ನೂ ಹಾಗೆಯೇ ಕರೆದರು. ವಿದ್ಯುತ್ ಚಾಲನೆ, ತೆರೆದ ಮೈ ಎರಡನ್ನೂ ಕೂಡಿಸಿಕೊಂಡ ಸೈಬರ್‌ಸ್ಟರ್ ಇಂದು ವೇಗದ ಸ್ಪೋರ್ಟ್ಸ್ ಕಾರೆಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ.