ರೇಷ್ಮೆಯ ಬಣ್ಣದ ನೀರು: ಹಿಡಿಯುವ ವಸ್ತು, ಒಡೆಯುವ ಜೀವಾಣು

ಪೀಠಿಕೆ

ಮೈಸೂರಿನ ಶ್ರೀರಾಂಪುರದ ಕಡೆಗೆ ಹೋಗುವ ಮಾನಂದವಾಡಿ ರಸ್ತೆಗೂ ರೇಷ್ಮೆಗೂ ಹಳೆಯ ನಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ವಿದ್ಯುತ್ ಮಗ್ಗಗಳಿಂದ ಶುರುವಾದ ನೇಯ್ಗೆ ಕಾರ್ಖಾನೆ ಈ ರಸ್ತೆಯಲ್ಲಿದೆ. ಪ್ರಸ್ತುತ ಲೇಖನ ಯಾವುದೇ ಒಂದು ಕಾರ್ಖಾನೆಯನ್ನು ಕುರಿತದ್ದಲ್ಲ. ರೇಷ್ಮೆಗೆ ಬಣ್ಣ ಕಟ್ಟಿದ ಮೇಲೆ ಉಳಿಯುವ ನೀರನ್ನು ನಿಸರ್ಗದ ವಸ್ತುಗಳಿಂದಲೂ ಬ್ಯಾಕ್ಟೀರಿಯಾಗಳಿಂದಲೂ ಶುದ್ಧಗೊಳಿಸುವ ಬಗೆಯನ್ನು ಕುರಿತದ್ದು.

ನೀರಿನಲ್ಲಿ ಏನಿದೆ?

ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಸಾಬೂನು, ಸೋಡಾ ಹಾಕಿ ಕುದಿಸಿದಾಗ ಈ ಪ್ರೋಟೀನ್ ನೀರಿಗಿಳಿಯುತ್ತದೆ. ಆಮೇಲೆ ಹುಳಿ ದ್ರಾವಣದಲ್ಲಿ ಆಮ್ಲವರ್ಣಕಗಳಿಂದ ಬಣ್ಣ ಕಟ್ಟುತ್ತಾರೆ. ಇವುಗಳಲ್ಲಿ ಹಲವು ಅಜೋ ವರ್ಣಕಗಳು: ಎರಡು ನೈಟ್ರೋಜನ್ ಪರಮಾಣುಗಳ ಜೋಡಿಬಂಧವೇ ಅವುಗಳ ಬಣ್ಣಕ್ಕೆ ಮೂಲ.

ಹಿಡಿಯುವ ವಸ್ತು

ತೆಂಗಿನ ನಾರಿನ ಪುಡಿ, ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ ಬಣ್ಣವನ್ನು ಮೈಗಂಟಿಸಿಕೊಳ್ಳುತ್ತವೆ. ಆದರೆ ಪ್ರಯೋಗಾಲಯಗಳು ಇದನ್ನು ಹೆಚ್ಚಾಗಿ ಪರೀಕ್ಷಿಸುವುದು ಮೆಥಿಲೀನ್ ಬ್ಲೂ ಎಂಬ ಧನಾವೇಶದ ವರ್ಣಕದಿಂದ. ಋಣಾವೇಶವಿರುವ ಸಸ್ಯನಾರು ಅದನ್ನು ಸುಲಭವಾಗಿ ಸೆಳೆಯುತ್ತದೆ. ರೇಷ್ಮೆಯ ಆಮ್ಲವರ್ಣಕ ಸ್ವತಃ ಋಣಾವೇಶದ್ದು. ಹಾಗಾಗಿ ಆ ಫಲಿತಾಂಶವನ್ನು ರೇಷ್ಮೆಯ ನೀರಿಗೆ ಅನ್ವಯಿಸುವಂತಿಲ್ಲ. ಇಲ್ಲಿ ಬೇಕಾದದ್ದು ಧನಾವೇಶದ ವಸ್ತು. ನುಗ್ಗೆ ಬೀಜದ ಪ್ರೋಟೀನ್ ಅಂಥದ್ದು. ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಕೋಶದ ಹುಳುವಿನ ಕೈಟಿನ್‌ನಿಂದ ತಯಾರಿಸಬಹುದಾದ ಕೈಟೊಸಾನ್ ಕೂಡ ಹುಳಿ ನೀರಿನಲ್ಲಿ ಧನಾವೇಶ ಪಡೆಯುತ್ತದೆ. ಬಣ್ಣದ ನೀರು ಹುಳಿಯಾಗಿಯೇ ಹೊರಬರುವುದು ಇದಕ್ಕೆ ಅನುಕೂಲ.

ಆದರೂ ಹಿಡಿದ ಬಣ್ಣ ನಾಶವಾದ ಬಣ್ಣವಲ್ಲ. ನೀರಿನಲ್ಲಿದ್ದದ್ದು ಕೆಸರಿಗೆ ಬಂತು, ಅಷ್ಟೆ.

ಒಡೆಯುವ ಜೀವಾಣು

ಬ್ಯಾಕ್ಟೀರಿಯಾಗಳ ಅಜೋರಿಡಕ್ಟೇಸ್ ಕಿಣ್ವ, ಆಮ್ಲಜನಕ ವಿರಳವಾದಾಗ, ಆ ಜೋಡಿಬಂಧವನ್ನೇ ಕತ್ತರಿಸುತ್ತದೆ. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಜೀವಾಣುಗಳನ್ನು ಇಚಲಕರಂಜಿಯ ಬಣ್ಣದ ನೀರು ಕುಡಿದ ಮಣ್ಣಿನಿಂದಲೇ ಬೇರ್ಪಡಿಸಿದ್ದಾರೆ. ಕೊಳೆ ಬಿದ್ದಲ್ಲೇ ಅದನ್ನು ತಿನ್ನಲು ಕಲಿತ ಜೀವಿ ಸಿಗುತ್ತದೆ ಎಂಬುದು ಈ ಹುಡುಕಾಟದ ತರ್ಕ.

ಬಂಧ ಕಡಿದರೆ ನೀರು ತಿಳಿಯಾಗುತ್ತದೆ, ಆದರೆ ಆರೋಮ್ಯಾಟಿಕ್ ಅಮೀನುಗಳು ಉಳಿಯುತ್ತವೆ. ಅವುಗಳಲ್ಲಿ ಬೆಂಜಿಡೀನ್ ಕ್ಯಾನ್ಸರ್‌ಕಾರಕ. ಭಾರತ ಸರ್ಕಾರ 1990ರ ದಶಕದಲ್ಲಿ ಹಲವು ಅಜೋ ಮತ್ತು ಬೆಂಜಿಡೀನ್ ಮೂಲದ ವರ್ಣಕಗಳನ್ನು ನಿಷೇಧಿಸಿದ್ದಕ್ಕೆ ಇಂಥ ಅಮೀನುಗಳ ಭಯವೇ ಕಾರಣ. ಆದ್ದರಿಂದ ಎರಡನೆಯ ಹಂತ ಅನಿವಾರ್ಯ: ಗಾಳಿಯಾಡುವ ತೊಟ್ಟಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಅಮೀನನ್ನು ಅರಗಿಸಬೇಕು.

ಬಂಧ ಕತ್ತರಿಸುವ ಬ್ಯಾಕ್ಟೀರಿಯಾಗಳಿಗೆ ವರ್ಣಕವೊಂದೇ ಸಾಲದು, ಜೊತೆಗೆ ಆಹಾರ ಬೇಕು. ಪ್ರಯೋಗಾಲಯದಲ್ಲಿ ಯೀಸ್ಟ್ ಸಾರ ಕೊಡುತ್ತಾರೆ. ರೇಷ್ಮೆಯ ನೀರಿನಲ್ಲಿ ಸೆರಿಸಿನ್ ಈಗಾಗಲೇ ಇದೆ. ಅಂಟು ತೆಗೆದ ನೀರನ್ನೂ ಬಣ್ಣದ ನೀರನ್ನೂ ಕೂಡಿಸಿದರೆ ಒಂದರ ಹೊರೆ ಇನ್ನೊಂದಕ್ಕೆ ಊಟವಾಗಬಹುದು. ಇದು ಪರೀಕ್ಷೆಗೆ ಒಡ್ಡಬೇಕಾದ ಊಹೆ.

ಉಪಸಂಹಾರ

ಕೈಟೊಸಾನ್ ಬಣ್ಣವನ್ನು ಸಾಂದ್ರಗೊಳಿಸಲಿ, ಗಾಳಿಯಿಲ್ಲದ ತೊಟ್ಟಿ ಬಂಧ ಕಡಿಯಲಿ, ಗಾಳಿಯಿರುವ ತೊಟ್ಟಿ ಅಮೀನನ್ನು ಅಳಿಸಲಿ. ಈ ಸರಣಿಯ ಯಶಸ್ಸನ್ನು ಅಳೆಯುವಾಗ ಬಣ್ಣ ಎಷ್ಟು ಶೇಕಡಾ ಇಳಿಯಿತೆಂಬ ಅಂಕಿ ಸಾಲದು. ಅಮೀನಿನ ಪ್ರಮಾಣವನ್ನೂ, ಆ ನೀರು ಹಾಯಿಸಿದ ಪಾತಿಯಲ್ಲಿ ಬೀಜ ಮೊಳೆಯಿತೇ ಎಂಬುದನ್ನೂ ದಾಖಲಿಸದ ಪ್ರಬಂಧ ಅರ್ಧ ಫಲಿತಾಂಶವನ್ನಷ್ಟೇ ಕೊಟ್ಟಂತೆ.