ಬೇತಮಂಗಲದ ಕೆರೆಯೂ ಚಿನ್ನದ ಗಣಿಗಳೂ

ಕೋಲಾರ ಪ್ರಾಂತವು ಎರಡು ಕಾರಣಗಳಿಂದ ಖ್ಯಾತಿಗೊಂಡುದಾಗಿದೆ. ಭೂಗರ್ಭದಲ್ಲಿ ಸುವರ್ಣವಿದ್ದುದು ಒಂದು. ಮೇಲ್ಗಡೆ ಜೀವನದಿಯೊಂದೂ ಇಲ್ಲದಿದ್ದರೂ ಸಹಸ್ರಾರು ಕೆರೆಗಳಿಂದ ನೆಲವು ತಂಪಾಗಿದ್ದುದು ಇನ್ನೊಂದು. ಮಾರಿಕುಪ್ಪಂ, ಉರಿಗಾಂ, ಚಾಂಪಿಯನ್ ರೀಫ್ ಎಂಬೆಡೆಗಳಲ್ಲಿ ಸುಮಾರು ಎರಡು ಮೈಲಿಗಳ ಆಳಕ್ಕೆ ಬಂಡೆಯನ್ನು ಕೊರೆದು ಚಿನ್ನವನ್ನು ತೆಗೆದ ವೃತ್ತಾಂತವನ್ನು ಲೋಕವೆಲ್ಲವೂ ಬಲ್ಲುದು. ಆ ಗಣಿಗಳನ್ನು ನಂಬಿ ಬಂದ ಜನಸ್ತೋಮಕ್ಕೆ ಕುಡಿಯುವ ನೀರನ್ನೊದಗಿಸಿದುದು ಸಾವಿರ ವರ್ಷಗಳಿಗೂ ಹಿಂದಿನ ಒಂದು ಕೆರೆಯೆಂಬುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು ೩೦ ಅಂಗುಲ. ಅದಾದರೂ ತಿಂಗಳು ತಿಂಗಳಿಗೂ ಹಂಚಿಕೊಂಡು ಬೀಳತಕ್ಕುದಲ್ಲ. ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು, ತಗ್ಗನ್ನು ಹುಡುಕಿಕೊಂಡು ಹರಿದುಹೋಗತಕ್ಕುದು. ಇಲ್ಲಿ ಹುಟ್ಟುವ ಪಾಲಾರ್ ನದಿಯೂ ಮಳೆಗಾಲದ ನದಿಯೇ. ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಪಾಲಾರಿನ ಪಾತ್ರದಲ್ಲಿಯೂ ಅದರ ಹಳ್ಳಗಳ ಮೇಲೂ ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿ, ಮೇಲಣ ಕೆರೆಯ ಕೋಡಿಯ ನೀರು ಕೆಳಗಣ ಕೆರೆಯ ಒಡಲನ್ನು ಸೇರುವಂತೆ ಏರ್ಪಡಿಸಿದರು. ರಾಮಸಾಗರ, ಬೇತಮಂಗಲಗಳು ಈ ಸಾಲಿನ ಮಹಾಕೆರೆಗಳು.

ಕೆರೆಯನ್ನು ಕಟ್ಟಿಸುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದೇ ಕಷ್ಟವೆಂಬುದನ್ನು ಶಾಸನಗಳು ಸೂಚಿಸುತ್ತವೆ. ಬಿತ್ತುವಟ್ಟ, ದಶವಂದ, ಕೆರೆಗೊಡಗೆ ಎಂಬ ಹೆಸರುಗಳಿಂದ ಭೂಮಿಯನ್ನೋ ಹುಟ್ಟುವಳಿಯ ಪಾಲನ್ನೋ ಕೆರೆಯ ಜೀರ್ಣೋದ್ಧಾರಕ್ಕಾಗಿಯೇ ಮೀಸಲಿಡುತ್ತಿದ್ದರು. ತೂಬನ್ನೆತ್ತಿ ಗದ್ದೆಗದ್ದೆಗೂ ನೀರನ್ನು ಸರದಿಯ ಮೇಲೆ ಬಿಡುವ ನೀರುಗಂಟಿಯು ಊರಿನ ದೊಡ್ಡ ಒಕ್ಕಲಿಗೂ ಬಡವನಿಗೂ ಒಂದೇ ಅಳತೆಯನ್ನು ಹಿಡಿಯಬೇಕಾಗಿತ್ತು. ಬರಗಾಲದಲ್ಲಿ ಎಷ್ಟು ಭೂಮಿಗೆ ನೀರು ಸಾಲುವುದೋ ಅಷ್ಟಕ್ಕೆ ಮಾತ್ರ ನಾಟಿ ಮಾಡುವುದೆಂದು ಊರವರು ಕೂಡಿ ಗೊತ್ತುಮಾಡಿಕೊಳ್ಳುತ್ತಿದ್ದುದುಂಟು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವ ಕಾಯಕವನ್ನು ಕೈಕೊಂಡುದನ್ನು ಬಲ್ಲ ಭಕ್ತರಿಗೆ ಈ ಕಾರ್ಯದ ಮಹತ್ತ್ವವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಬೇತಮಂಗಲದ ಪ್ರಾಚೀನ ನಾಮವು ವಿಜಯಾದಿತ್ಯಮಂಗಲ. ಬಾಣವಂಶದ ವಿಜಯಾದಿತ್ಯನಿಂದ ಈ ಹೆಸರು ಬಂದಿರಬೇಕೆಂದು ಊಹಿಸಿದ್ದಾರೆ. ಹತ್ತನೆಯ ಶತಮಾನದಲ್ಲಿ ಈ ಕೆರೆಯು ಒಡೆದುಹೋಗಲು, ನೊಳಂಬರ ಇರಿವ ನೊಳಂಬನ ಕಾಲದಲ್ಲಿ ಏರಿಯನ್ನು ಮರಳಿ ಕಟ್ಟಿಸಲಾಯಿತು. ಹೊಯ್ಸಳರ ಆಳ್ವಿಕೆಯಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಪುನಃ ಅದರ ಜೀರ್ಣೋದ್ಧಾರವಾಯಿತು. ಬಾಣರು ಹೋದರು, ನೊಳಂಬರು ಹೋದರು, ಹೊಯ್ಸಳರೂ ಹೋದರು. ಒಬ್ಬರು ಕಟ್ಟಿದ ಏರಿಗೆ ಇನ್ನೊಬ್ಬರು ಮಣ್ಣು ಹಾಕುತ್ತ ಬಂದುದರಿಂದಲೇ ಕೆರೆಯು ಉಳಿಯಿತು.

೧೮೭೫ರಲ್ಲಿ ಲವೆಲ್ ಎಂಬ ಐರಿಷ್ ಯೋಧನಿಗೆ ಮೈಸೂರು ಸರ್ಕಾರದಿಂದ ಗಣಿಯ ಹಕ್ಕು ದೊರೆಯಿತು. ೧೮೮೦ರ ಸುಮಾರಿಗೆ ಜಾನ್ ಟೇಲರ್ ಕಂಪೆನಿಯವರು ಪ್ರವೇಶಿಸಿದ ಮೇಲೆ ಬರಡು ಬಯಲು ಪಟ್ಟಣವಾಗತೊಡಗಿತು. ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ೧೮೯೪ರಲ್ಲಿ ರೈಲುದಾರಿಯು ಬಂದಿತು. ೧೮೯೧ರಲ್ಲಿ ಸುಮಾರು ೭ ಸಾವಿರದಷ್ಟಿದ್ದ ಜನಸಂಖ್ಯೆಯು ೧೯೦೧ರ ಹೊತ್ತಿಗೆ ೩೮ ಸಾವಿರವನ್ನು ಮೀರಿತು. ತಮಿಳು ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಬಂದ ಕೂಲಿಗಳು ಸಾಲುಮನೆಗಳಲ್ಲಿ ಕಿಕ್ಕಿರಿದು ವಾಸಮಾಡುತ್ತಿದ್ದರು. ಅಗೆದ ಬೆಣಚುಕಲ್ಲನ್ನು ಕುಟ್ಟಿ ಪುಡಿಮಾಡಿ, ನೀರಿನೊಡನೆ ಪಾದರಸದ ತಗಡುಗಳ ಮೇಲೆ ಹರಿಸಿ ಚಿನ್ನವನ್ನು ಹಿಡಿಯುವ ಕ್ರಮವಿದ್ದುದರಿಂದ ಯಂತ್ರಕ್ಕೂ ನೀರು ಬೇಕು, ಮನುಷ್ಯನಿಗೂ ನೀರು ಬೇಕು. ಸುತ್ತಲಿನ ಬಾವಿಗಳಿಂದಲೂ ಸಣ್ಣ ಕುಂಟೆಗಳಿಂದಲೂ ಇದು ತೀರುವಂತಿರಲಿಲ್ಲ.

೧೯೦೨ರಲ್ಲಿ ೯೨ ಮೈಲಿ ದೂರದ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ತಂದು ಗಣಿಗಳಿಗೊದಗಿಸಿದ ಮೈಸೂರು ಸಂಸ್ಥಾನವು, ನೀರಿಗಾಗಿ ಅಷ್ಟು ದೂರ ಹೋಗಲಿಲ್ಲ. ಹತ್ತಿರದಲ್ಲೇ ಐದಾರು ಮೈಲಿಗಳಾಚೆ ಬೇತಮಂಗಲದ ಕೆರೆಯಿತ್ತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿ ಜಲಸ್ಥಾವರವನ್ನು ನಿರ್ಮಿಸಿ, ನೀರನ್ನು ಶೋಧಿಸಿ, ಯಂತ್ರಗಳಿಂದ ಮೇಲೆತ್ತಿ, ಕೊಳವೆಗಳ ಮೂಲಕ ಗಣಿಯ ಪಟ್ಟಣಕ್ಕೆ ಕಳುಹಿಸಲಾಯಿತು. ಯಾವ ಕೆರೆಯನ್ನು ಗದ್ದೆಗಳಿಗಾಗಿ ಕಟ್ಟಿದ್ದರೋ ಅದೇ ಕೆರೆಯು ಹೀಗೆ ಬೀದಿಯ ಕೊಳಾಯಿಗಳಲ್ಲಿ ಬಿಂದಿಗೆಗಳನ್ನು ತುಂಬತೊಡಗಿತು. ನೆಲದೊಳಗಿನ ಗಣಿಯಲ್ಲಾದರೋ ಒಸರುವ ನೀರು ಶತ್ರು; ಅದನ್ನು ಹಗಲಿರುಳೂ ಪಂಪುಗಳಿಂದ ಹೊರಹಾಕಬೇಕಾಗಿತ್ತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಮೇಲೆ ಆ ಪಂಪುಗಳೂ ನಿಂತು ಸುರಂಗಗಳು ನೀರಿನಲ್ಲಿ ಮುಳುಗಿದವು.

ಹೊಸ ಕೆರೆಗಳನ್ನು ಕಟ್ಟಿಕೊಳ್ಳುವ ಸ್ವಾತಂತ್ರ್ಯವೂ ಸಂಸ್ಥಾನಕ್ಕೆ ಪೂರ್ಣವಾಗಿರಲಿಲ್ಲ. ೧೮೯೨ರಲ್ಲಿ ಮದರಾಸು ಸರ್ಕಾರದೊಡನೆ ಆದ ಒಪ್ಪಂದದಲ್ಲಿ ಕಾವೇರಿಯೊಡನೆ ಪಾಲಾರ್, ದಕ್ಷಿಣ ಪಿನಾಕಿನಿಗಳೂ ಸೇರಿದ್ದವು. ಈ ನದಿಗಳ ಮೇಲೆ ಹೊಸ ನೀರಾವರಿ ಕಾಮಗಾರಿಯನ್ನು ಕೈಕೊಳ್ಳುವುದಕ್ಕೆ ಮುನ್ನ ಮದರಾಸಿಗೆ ತಿಳಿಸಿ ಸಮ್ಮತಿಯನ್ನು ಪಡೆಯಬೇಕಾಗಿತ್ತು. ಕೆಳಗಣ ವೇಲೂರು ಪ್ರಾಂತದ ರೈತರೂ ಅದೇ ಪಾಲಾರನ್ನೇ ನಂಬಿದವರಾದುದರಿಂದ ಆ ಕಟ್ಟಳೆಯನ್ನು ಕೇವಲ ಅನ್ಯಾಯವೆನ್ನಲಾಗದು. ಇರುವ ಕೆರೆಗಳನ್ನು ಕಣ್ಣಿನಂತೆ ಕಾಪಾಡುವ ಅಗತ್ಯವು ಇದರಿಂದ ಹೆಚ್ಚಿತು. ಆದರೆ ನಡೆದುದು ಬೇರೆ.

ಕೆರೆಗಳ ಪೋಷಣೆಯು ಊರವರ ಕೈಯಿಂದ ಸರ್ಕಾರದ ಇಲಾಖೆಗಳ ಕೈಗೆ ಬಂದಿತು. ೧೯೬೧ರ ಕಾನೂನು ಪರಂಪರಾಗತ ಗ್ರಾಮಹುದ್ದೆಗಳನ್ನು ರದ್ದುಗೊಳಿಸಿತು. ಹುಟ್ಟಿನಿಂದ ಬಂದ ಊಳಿಗವನ್ನು ಕೊನೆಗಾಣಿಸಿದುದು ಯುಕ್ತವೇ ಸರಿ. ಆದರೆ ಕೆರೆಯ ಕಾವಲನ್ನು ಇನ್ನಾರು ನೋಡಿಕೊಳ್ಳಬೇಕೆಂಬುದನ್ನು ಯಾರೂ ಸರಿಯಾಗಿ ಯೋಚಿಸಲಿಲ್ಲ. ಹೂಳನ್ನು ತೆಗೆಯುವವರಿಲ್ಲವಾಯಿತು. ರಾಜಕಾಲುವೆಗಳು ಒತ್ತುವರಿಯಾದವು. ಪಾಲಾರಿನ ಮರಳು ಗಾಡಿಗಳನ್ನೇರಿತು.

ಇದೇ ಕಾಲದಲ್ಲಿ ಕೊಳವೆಬಾವಿಯು ಬಂದಿತು. ಹಿಂದೆ ಕಪಿಲೆ ಹೂಡುತ್ತಿದ್ದ ತೆರೆದ ಬಾವಿಯು ಕೆರೆಯ ಕೂಸು. ಕೆರೆಯಲ್ಲಿ ನೀರು ನಿಂತರೆ ಬಾವಿಯಲ್ಲಿ ಜಲವೇರುವುದು, ಕೆರೆ ಬತ್ತಿದರೆ ಬಾವಿಯೂ ಇಳಿಯುವುದು. ಎತ್ತುಗಳ ಬಲಕ್ಕಿಂತ ಹೆಚ್ಚು ಸೇದುವುದು ಸಾಧ್ಯವಿರಲಿಲ್ಲ. ವಿದ್ಯುತ್ ಪಂಪಿಗೆ ಈ ಮಿತಿಯಿಲ್ಲ. ಕೋಲಾರದ ನೆಲವು ಗಟ್ಟಿಯಾದ ಶಿಲೆ. ಬಿರುಕುಗಳಲ್ಲಿ ನಿಂತ ಅಲ್ಪಜಲವನ್ನು ಬಿಟ್ಟರೆ ಒಳಗೆ ಅಕ್ಷಯ ಭಂಡಾರವಿಲ್ಲ. ಆದರೂ ರೈತರು ಸಾಲಮಾಡಿ ಸಾವಿರ ಅಡಿಗಳನ್ನು ದಾಟಿ ಕೊರೆಸಿದರು. ಬತ್ತಿದ ಬಾವಿಯ ಪಕ್ಕದಲ್ಲಿ ಮತ್ತೊಂದು, ಅದರ ಪಕ್ಕದಲ್ಲಿ ಇನ್ನೊಂದು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡು ಬೆರೆತು, ಅನೇಕ ಗ್ರಾಮಗಳಲ್ಲಿ ಹಲ್ಲುಗಳೂ ಎಲುಬುಗಳೂ ಕೆಟ್ಟವು. ಬೇತಮಂಗಲದ ಕೆರೆಯೂ ಬರದ ವರ್ಷಗಳಲ್ಲಿ ತಳ ಕಂಡು, ಗಣಿಯ ಪಟ್ಟಣದ ಬೀದಿಗಳಲ್ಲಿ ಜನರು ಟ್ಯಾಂಕರುಗಳಿಗಾಗಿ ಕಾದು ನಿಲ್ಲುವಂತಾಯಿತು. ಎರಡು ಮೈಲಿ ಅಗೆದು ಚಿನ್ನವನ್ನು ಕಂಡ ನೆಲದಲ್ಲಿ ಸಾವಿರ ಅಡಿಯ ಕೆಳಗೂ ನೀರನ್ನು ಕಾಣದೆಹೋದರು.

ಇತ್ತೀಚೆಗೆ ಮೂರು ಸಂಗತಿಗಳು ನಡೆದಿವೆ. ೨೦೧೮ರ ಜೂನ್ ತಿಂಗಳಿನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಬಳಕೆಯಾದ ನೀರನ್ನು ಎರಡು ಹಂತಗಳಲ್ಲಿ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಇದು ಕುಡಿಯುವುದಕ್ಕಲ್ಲ, ಅಂತರ್ಜಲವೇರುವುದಕ್ಕೆ. ೨೦೨೧ರ ನವೆಂಬರ್ ಮಳೆಗೆ ಪಾಲಾರ್ ದಡ ತುಂಬಿ ಹರಿದಿತು. ಬಂಗಾರಪೇಟೆ ತಾಲ್ಲೂಕಿನ ಯರಗೋಳಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟು ೨೦೨೩ರ ನವೆಂಬರಿನಲ್ಲಿ ಲೋಕಾರ್ಪಣೆಯಾಗಿ, ಕೋಲಾರ, ಮಾಲೂರು, ಬಂಗಾರಪೇಟೆಗಳಿಗೆ ಕುಡಿಯುವ ನೀರನ್ನು ಉದ್ದೇಶಿಸಲಾಗಿದೆ. ಇವುಗಳಲ್ಲಿ ಮೊದಲನೆಯದರ ವಿಷಯದಲ್ಲಿಯೇ ವಿವಾದವು ಹೆಚ್ಚು. ಒಣಗಿದ ಕೆರೆಗಳಲ್ಲಿ ನೀರು ನಿಂತು ಬಾವಿಗಳು ಮರುಜೀವ ಪಡೆದುವೆಂದು ಸಂತೋಷಪಡುವ ರೈತರೂ ಇದ್ದಾರೆ. ಆ ನೀರು ನೆಲದೊಳಗಿಳಿದು ನಾಳೆ ಮಕ್ಕಳ ಬಿಂದಿಗೆಗೆ ಬರುವುದಾದ ಕಾರಣ ಮೂರನೆಯ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಪಟ್ಟುಹಿಡಿದವರೂ ಅದೇ ಗ್ರಾಮಗಳಲ್ಲಿದ್ದಾರೆ.