ಪಿ0340 ಕೋಡ್ ಬಂದರೆ ಕ್ಯಾಮ್‌ಶಾಫ್ಟ್ ಸೆನ್ಸರ್ ಬದಲಿಸಲೇಬೇಕೇ?

"ಸ್ಕ್ಯಾನರ್‌ನಲ್ಲಿ ಪಿ0340 ತೋರಿಸಿದರೆ ಕ್ಯಾಮ್ ಸೆನ್ಸರ್ ಹೋಗಿದೆ, ಹೊಸದು ಹಾಕಿಸಿ" ಎಂಬ ಸಲಹೆ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಇದು ಅರ್ಧ ಸತ್ಯ. ಆ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ ಎಂದಷ್ಟೇ ಕೋಡ್ ಹೇಳುತ್ತದೆ. ವೈರು, ಕನೆಕ್ಟರ್ ಕೂಡ ಸರ್ಕ್ಯೂಟ್‌ನ ಭಾಗವೇ.

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಯಾವ ಸಿಲಿಂಡರ್‌ನ ಸರದಿ ಬಂತೆಂದು ಇಸಿಯುಗೆ ತಿಳಿಸುವುದು ಈ ಸೆನ್ಸರ್. ಸಿಗ್ನಲ್ ನಿಂತರೂ ಹಲವು ಕಾರುಗಳು ಓಡುತ್ತವೆ, ಆದರೆ ಸ್ಟಾರ್ಟ್ ಆಗಲು ಸತಾಯಿಸುತ್ತವೆ, ಪಿಕಪ್ ಇರುವುದಿಲ್ಲ. ಕೆಲವು ನಡುರಸ್ತೆಯಲ್ಲೇ ನಿಂತುಬಿಡುತ್ತವೆ.

ಗಿರಿನಗರದಂಥ ಬಡಾವಣೆಗಳಲ್ಲಿ ಎಷ್ಟೋ ಕಾರುಗಳು ರಾತ್ರಿಯಿಡೀ ಮೋರಿಯ ಪಕ್ಕದಲ್ಲೇ ನಿಂತಿರುತ್ತವೆ. ಹಾಗಾಗಿ ಬಾನೆಟ್ ಎತ್ತಿ ಮೊದಲು ಇಲಿ ಕಡಿದ ವೈರು ಹುಡುಕಿ ಎನ್ನುತ್ತೇವೆ ನಾವು. ಆಮೇಲೆ ಎಂಜಿನ್ ಆಫ್ ಇರುವಾಗ ಕನೆಕ್ಟರ್ ಬಿಚ್ಚಿ, ಒಳಗೆ ಆಯಿಲ್, ನೀರು ಅಥವಾ ಹಸಿರು ಕಿಲುಬು ಇದೆಯೇ ನೋಡಿ. ಇಷ್ಟಕ್ಕೆ ಟಾರ್ಚ್ ಸಾಕು, ಖರ್ಚೇ ಇಲ್ಲ.

ಮುಂದಿನದು ಮೆಕ್ಯಾನಿಕ್‌ನ ಮಲ್ಟಿಮೀಟರ್ ಕೆಲಸ. ಮೂರು ವೈರಿನ ಹಾಲ್ ಸೆನ್ಸರ್‌ ಆದರೆ ಇಗ್ನಿಷನ್ ಆನ್ ಮಾಡಿದಾಗ ಕನೆಕ್ಟರ್‌ಗೆ ಮಾದರಿಗೆ ತಕ್ಕಂತೆ 5 ಅಥವಾ 12 ವೋಲ್ಟ್ ಬರಬೇಕು, ಅರ್ತ್ ಸರಿಯಿರಬೇಕು. ಅದೇ ಇಲ್ಲದಿದ್ದರೆ ಹೊಸ ಸೆನ್ಸರ್ ಹಾಕಿಯೂ ದುಡ್ಡು ದಂಡ. ಇವೆರಡೂ ಸರಿಯಿದ್ದು, ಸೆಲ್ಫ್ ಹೊಡೆದಾಗ ಸಿಗ್ನಲ್ ಮಾತ್ರ ಏರಿಳಿಯದಿದ್ದರೆ ಆಗ ಸೆನ್ಸರನ್ನು ಅನುಮಾನಿಸಬಹುದು.

ಜೊತೆಗೆ ಪಿ0016 ಕೂಡ ಬಂದಿದೆಯೇ? ಅದರರ್ಥ ಕ್ಯಾಮ್–ಕ್ರ್ಯಾಂಕ್ ಹೊಂದಾಣಿಕೆ ತಪ್ಪಿದೆ. ಟೈಮಿಂಗ್ ಚೈನ್ ಸಡಿಲವಾಗಿರಬಹುದು, ಬೆಲ್ಟ್ ಹಲ್ಲು ಜಾರಿರಬಹುದು. ಹಾಗೇ ಓಡಿಸಿದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುವ ಅಪಾಯವಿದೆ. ಕಾರನ್ನು ಟೋ ಮಾಡಿಸಿ.